ಸೊಳ್ಳೆಯ ನಾದವೂ ದೊಮ್ಮಲೂರಿನ ನೀರೂ

೧

ಪ್ರಾಣಿಗಳಿಗೆ ಹೆಸರಿಡುವಾಗ ಜನರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಬಣ್ಣವನ್ನೋ ಆಕಾರವನ್ನೋ ನಡೆಯನ್ನೋ ಆಧಾರವಾಗಿ ಹಿಡಿಯುವರು. ಸೊಳ್ಳೆಯ ವಿಷಯದಲ್ಲಿ ಈ ಅಧಿಕಾರವು ಬಹುಮಟ್ಟಿಗೆ ಕಿವಿಗೆ ಸೇರಿದಂತೆ ಕಾಣುತ್ತದೆ. ಸಂಸ್ಕೃತದ ‘ಮಶಕ’ ಶಬ್ದವನ್ನು ವೈಯಾಕರಣರು ‘ಮಶ್’ ಎಂಬ ಧಾತುವಿನಿಂದ ಸಾಧಿಸುತ್ತಾರೆ. ಧಾತುಪಾಠವು ಆ ಧಾತುವಿಗೆ ಶಬ್ದಮಾಡುವುದು, ರೋಷದಿಂದ ದನಿಗೈಯುವುದು ಎಂಬ ಅರ್ಥಗಳನ್ನು ಹೇಳಿದೆ. ಉತ್ತರ ಕರ್ನಾಟಕದ ಮಾತಿನಲ್ಲಿರುವ ‘ಗುಂಗಾಡು’ ಎಂಬ ಹೆಸರಿನಲ್ಲಿಯೂ ‘ಗುಂ’ ಎಂಬ ಅನುಕರಣಧ್ವನಿಯು ಕೇಳಿಬರುತ್ತದೆ. ಕತ್ತಲೆಯಲ್ಲಿ ಕಣ್ಣಿಗೆ ಬೀಳದೆ ಕಿವಿಯ ಬಳಿ ಸುಳಿಯುವ ಜಂತುವಿಗೆ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ಕಷ್ಟ.

ಆದರೆ ಹೆಸರಿಡುವುದು ಬೇರೆ, ವಿಂಗಡಿಸುವುದು ಬೇರೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳನ್ನು ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಬಗೆಯಾಗಿ ಎಣಿಸಲಾಗಿದೆ. ಈ ಐದು ಹೆಸರುಗಳಲ್ಲಿ ಒಂದಾದರೂ ಧ್ವನಿಯನ್ನು ಅವಲಂಬಿಸಿದುದಲ್ಲ. ನೆಲೆ, ಆಕಾರ, ಗಾತ್ರ, ಬಣ್ಣಗಳೇ ಇಲ್ಲಿ ಲಕ್ಷಣಗಳು. ಕಿವಿಯು ‘ಸೊಳ್ಳೆ ಬಂದಿದೆ’ ಎಂದು ತಿಳಿಸಬಲ್ಲುದು, ‘ಇಂತಹ ಸೊಳ್ಳೆ ಬಂದಿದೆ’ ಎಂದು ತಿಳಿಸಲಾರದು ಎಂಬುದೇ ಪ್ರಾಚೀನರ ನಿಲುವಾಗಿತ್ತೆಂದು ಇದರಿಂದ ಊಹಿಸಬಹುದು. ಈ ನಿಲುವನ್ನು ಮೀರಿ, ಧ್ವನಿಯಿಂದಲೇ ಸೊಳ್ಳೆಯ ಜಾತಿಯನ್ನು ಅರಿಯಬೇಕು, ಸಾಧ್ಯವಾದರೆ ಧ್ವನಿಯಿಂದಲೇ ಅದನ್ನು ಅಡಗಿಸಬೇಕು ಎಂಬ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದಲ್ಲಿ ಮೊಳೆತು ಈಗಲೂ ನಡೆಯುತ್ತಿದೆ. ಅರಿಯುವುದು, ಅಡಗಿಸುವುದು ಎಂಬ ಈ ಎರಡು ಉದ್ದೇಶಗಳನ್ನು ಒಂದರೊಡನೊಂದು ಬೆರೆಸಿದುದರಿಂದ ಬಹಳ ಗೊಂದಲವುಂಟಾಗಿದೆ. ಇವುಗಳನ್ನು ಬೇರ್ಪಡಿಸಿ ನೋಡಲು ಬೆಂಗಳೂರಿನ ದಂಡುಪ್ರದೇಶವೂ ಅದರ ಪೂರ್ವದ ಅಂಚಿನಲ್ಲಿರುವ ದೊಮ್ಮಲೂರೂ ಒಳ್ಳೆಯ ನೆಲೆಯನ್ನು ಒದಗಿಸುತ್ತವೆ. ಏಕೆಂದರೆ ಸೊಳ್ಳೆಯನ್ನು ತಡೆಯುವ ಇನ್ನೊಂದು ದಾರಿ, ಎಂದರೆ ನೀರಿನ ದಾರಿ, ಈ ದಂಡಿನಲ್ಲಿಯೇ ಒಬ್ಬ ವೈದ್ಯನ ಕಣ್ಣಿಗೆ ಮೊದಲು ಬಿದ್ದಿತು.

೨

ದೊಮ್ಮಲೂರು ಹೊಸ ಊರಲ್ಲ. ಅಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಊರಿಗೆ ತೊಂಬಲೂರು ಎಂತಲೂ ದೇಶಿಮಾಣಿಕ್ಯಪಟ್ಟಣವೆಂತಲೂ ಹೆಸರುಗಳು ಬಂದಿವೆ. ತೆಲುಗಿನಲ್ಲಿ ಸೊಳ್ಳೆಗೆ ‘ದೋಮ’ ಎಂಬ ಹೆಸರಿರುವುದರಿಂದ ಊರಿನ ಹೆಸರಿಗೂ ಅದಕ್ಕೂ ನಂಟು ಕಲ್ಪಿಸಲು ಯಾರಾದರೂ ಆಸೆಪಟ್ಟರೆ, ಶಾಸನದ ತೊಂಬಲೂರು ಎಂಬ ರೂಪವೇ ಅದಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಪ್ರಕೃತ ವಿಷಯಕ್ಕೆ ಬೇಕಾದುದು ಆ ಶಾಸನಗಳಲ್ಲಿ ಬರುವ ನೀರಿನ ಮಾತು. ಹೊಯ್ಸಳ ವೀರರಾಮನಾಥನ ಕಾಲದಿಂದ ವಿಜಯನಗರದ ಎರಡನೆಯ ದೇವರಾಯನ ಕಾಲದವರೆಗೆ ಹರಡಿರುವ ಈ ದಾನಪತ್ರಗಳಲ್ಲಿ ಮನೆ, ಭೂಮಿಗಳೊಡನೆ ಬಾವಿಗಳೂ ಕೆರೆಯೂ ದೇವರ ಸೊತ್ತಾಗಿ ಎಣಿಸಲ್ಪಟ್ಟಿವೆ. ನದಿಯಿಲ್ಲದ ಈ ಎತ್ತರದ ನಾಡಿನಲ್ಲಿ ನೀರನ್ನು ಕೂಡಿಡುವುದೇ ಬದುಕಾಗಿತ್ತು. ಕೂಡಿಟ್ಟ ನೀರಿನೊಡನೆ ಸೊಳ್ಳೆಯೂ ಬಂದಿತು.

೧೮೦೯ರಲ್ಲಿ ಹಲಸೂರಿನ ಕಡೆಯಲ್ಲಿ ಇಂಗ್ಲಿಷರ ದಂಡು ನೆಲೆಗೊಂಡ ಮೇಲೆ ಈ ಪ್ರದೇಶದ ಜನಸಂಖ್ಯೆಯೂ ನೀರಿನ ಬಳಕೆಯೂ ಬೆಳೆದುವು. ಹೆಸರಘಟ್ಟದ ಕೊಳಾಯಿನೀರು ೧೮೯೦ರ ದಶಕದಲ್ಲಿ ಬರುವವರೆಗೂ ಬಾವಿ ಕೆರೆಗಳೇ ಊರಿಗೆ ಆಧಾರವಾಗಿದ್ದುವು. ಬಂಗಲೆಗಳಲ್ಲಿ ಪೀಪಾಯಿ, ತೊಟ್ಟಿ, ಹೂದಾನಿಗಳಲ್ಲಿ ನೀರು ನಿಲ್ಲುತ್ತಿತ್ತು.

೧೮೮೩ರಲ್ಲಿ ಈ ದಂಡಿಗೆ ತಾತ್ಕಾಲಿಕ ವೈದ್ಯಾಧಿಕಾರಿಯಾಗಿ ಬಂದವರು ರೊನಾಲ್ಡ್ ರಾಸ್‌ರವರು. ಅವರು ಹುಟ್ಟಿದುದು ೧೮೫೭ರಲ್ಲಿ, ಆಲ್ಮೋರದಲ್ಲಿ. ತಾರುಣ್ಯದಲ್ಲಿ ಅವರ ಒಲವು ವೈದ್ಯಕ್ಕಿಂತಲೂ ಕಾವ್ಯ, ಸಂಗೀತ, ಗಣಿತಗಳ ಕಡೆಗಿತ್ತು. ತಾವಿದ್ದ ಬಂಗಲೆಯಲ್ಲಿ ಇತರರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆಗಳು ಹೆಚ್ಚಾಗಿರುವುದನ್ನು ಅವರು ಕಂಡರು. ಕಾರಣವನ್ನು ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ ಒಂದು ಪೀಪಾಯಿಯೂ ಅದರಲ್ಲಿ ಮಿಡುಕಾಡುವ ಮರಿಹುಳುಗಳೂ ಕಂಡುಬಂದುವು. ಪೀಪಾಯಿಯನ್ನು ಬರಿದುಮಾಡಲು ಸೊಳ್ಳೆಗಳು ಕಡಮೆಯಾದುವು. ಮನೆಯ ಸುತ್ತ ನಿಂತ ನೀರನ್ನೆಲ್ಲ ಹೀಗೆಯೇ ಚೆಲ್ಲಿಸೋಣವೆಂದು ಅವರು ಜೊತೆಯ ಸೈನ್ಯಾಧಿಕಾರಿಗೆ ಸೂಚಿಸಿದಾಗ, ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಉದ್ದೇಶವಿರಬೇಕು, ಪ್ರಕೃತಿಯ ಕ್ರಮವನ್ನು ಕೆಡಿಸಬಾರದು ಎಂಬರ್ಥದ ಉತ್ತರ ಬಂದಿತು. ಈ ಸಂಗತಿಯನ್ನು ರಾಸ್‌ರವರೇ ೧೯೨೩ರಲ್ಲಿ ಪ್ರಕಟವಾದ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ.

ಆಗ ಸೊಳ್ಳೆಗೂ ಚಳಿಜ್ವರಕ್ಕೂ ಇರುವ ಸಂಬಂಧ ಯಾರಿಗೂ ಸಿದ್ಧವಾಗಿ ತಿಳಿದಿರಲಿಲ್ಲ. ೧೮೯೫ರಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕಾಗಿ ರಾಸ್‌ರವರು ಮತ್ತೆ ಬೆಂಗಳೂರಿಗೆ ಬಂದರು. ಇದರಿಂದ ಅವರ ಸೊಳ್ಳೆಯ ಸಂಶೋಧನೆಗೆ ಅಡಚಣೆಯಾದರೂ ಊರಿನ ನೀರಿನ ವ್ಯವಸ್ಥೆಯ ಪರಿಚಯ ಆಳವಾಯಿತು. ಸಿಕಂದರಾಬಾದಿನಲ್ಲಿ ೧೮೯೭ನೆಯ ಆಗಸ್ಟ್ ೨೦ರಂದು ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಾಣುವಿನ ಕೋಶಗಳನ್ನು ಅವರು ಕಂಡರು. ೧೯೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸೊಳ್ಳೆ ನಿವಾರಣೆಗಾಗಿ ಊರೂರಿನಲ್ಲಿ ತಂಡಗಳನ್ನು ಕಟ್ಟುವ ವಿಧಾನವನ್ನು ಹೇಳುವ ಅವರ ಪುಸ್ತಕವೂ ಅದೇ ವರ್ಷ ಹೊರಬಿದ್ದಿತು. ಬೆಂಗಳೂರಿನ ಪೀಪಾಯಿಯಲ್ಲಿ ಕಂಡ ಸಣ್ಣ ಸತ್ಯವೇ ಆ ಪುಸ್ತಕದಲ್ಲಿ ಕಾರ್ಯಕ್ರಮವಾಗಿ ಬೆಳೆದಿದೆ. ಸಂಗೀತದ ಒಲವಿದ್ದ ಈ ವೈದ್ಯನು ಸೊಳ್ಳೆಯ ನಾದವನ್ನು ಬಿಟ್ಟು ಅದರ ನೀರನ್ನು ಬೆನ್ನುಹತ್ತಿದನೆಂಬುದು ಗಮನಿಸತಕ್ಕ ವಿಷಯ.

೩

ನಾದವನ್ನು ಬೆನ್ನುಹತ್ತಿದವರು ಬೇರೆಯವರು. ಅವರ ಕೆಲಸಕ್ಕೂ ರೋಗಕ್ಕೂ ಮೊದಮೊದಲು ಯಾವ ಸಂಬಂಧವೂ ಇರಲಿಲ್ಲ. ಅಮೆರಿಕದ ಬಾಲ್ಟಿಮೋರಿನ ವೈದ್ಯ ಕ್ರಿಸ್ಟೊಫರ್ ಜಾನ್‌ಸ್ಟನ್‌ರವರು ೧೮೫೫ರಲ್ಲಿ ಸೊಳ್ಳೆಯ ಕುಡಿಮೀಸೆಯ ಬುಡದಲ್ಲಿರುವ ಉಬ್ಬಿದ ಗಿಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ಕೇಳುವ ಅಂಗವೆಂದು ಸೂಚಿಸಿದರು. ಆ ಅಂಗಕ್ಕೆ ಈಗಲೂ ಜಾನ್‌ಸ್ಟನ್ನನ ಅಂಗವೆಂದೇ ಹೆಸರು. ಗಂಡುಸೊಳ್ಳೆಯಲ್ಲಿ ಇದರೊಳಗೆ ಸುಮಾರು ೧೫,೦೦೦ ಸಂವೇದನಾಕೋಶಗಳು ಅಡಕವಾಗಿವೆ. ಇಷ್ಟು ಚಿಕ್ಕ ದೇಹಕ್ಕೆ ಇಷ್ಟು ದೊಡ್ಡ ಕಿವಿ ಕೀಟಗಳಲ್ಲಿ ಅಪರೂಪ.

೧೮೭೪ರಲ್ಲಿ ಆಲ್ಫ್ರೆಡ್ ಮೇಯರ್ ಎಂಬ ಭೌತವಿಜ್ಞಾನಿಯು ಈ ಸೂಚನೆಯನ್ನು ಪ್ರಯೋಗದಿಂದ ಬಲಪಡಿಸಿದರು. ಅವರು ಗಂಡುಸೊಳ್ಳೆಯೊಂದನ್ನು ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೇರೆ ಬೇರೆ ಶ್ರುತಿಕವಲುಗಳನ್ನು ನುಡಿಸಿದರು. ಸೆಕೆಂಡಿಗೆ ೫೧೨ ಕಂಪನಗಳುಳ್ಳ ಶ್ರುತಿಗೆ ಕುಡಿಮೀಸೆಯ ಕೆಲವು ಕೂದಲುಗಳು ಎಲ್ಲಕ್ಕಿಂತ ಹೆಚ್ಚಾಗಿ ಕಂಪಿಸಿದುವು. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿ ತಾನಾಗಿ ಮಿಡಿಯುವಂತೆಯೇ ಇದೂ ನಡೆಯುತ್ತದೆ. ಶಬ್ದವು ಕೂದಲಿಗೆ ಅಡ್ಡಲಾಗಿ ಬಂದಾಗ ಕಂಪನ ಹೆಚ್ಚು, ಉದ್ದಕ್ಕೆ ಬಂದಾಗ ಕಡಮೆ. ಆದುದರಿಂದ ಗಂಡುಸೊಳ್ಳೆಯು ತಲೆಯನ್ನು ತಿರುಗಿಸುತ್ತ ಎರಡು ಮೀಸೆಗಳಿಗೂ ಸಮನಾಗಿ ತಾಗುವ ದಿಕ್ಕನ್ನು ಹಿಡಿದು ಹೆಣ್ಣಿನ ಕಡೆಗೆ ಹಾರಬಲ್ಲುದೆಂದು ಮೇಯರ್‌ರವರು ತೀರ್ಮಾನಿಸಿದರು.

ಹೈರಮ್ ಮ್ಯಾಕ್ಸಿಮ್‌ರವರ ಅನುಭವ ಇನ್ನೂ ವಿಚಿತ್ರವಾದುದು. ಯಂತ್ರಫಿರಂಗಿಯ ನಿರ್ಮಾಪಕರೆಂದು ಪ್ರಸಿದ್ಧರಾದ ಇವರು ೧೮೭೮ರಲ್ಲಿ ಅಮೆರಿಕದ ಸರಟೋಗ ಸ್ಪ್ರಿಂಗ್ಸ್ ಎಂಬಲ್ಲಿ ವಿದ್ಯುದ್ದೀಪಗಳನ್ನು ಹೂಡುತ್ತಿದ್ದಾಗ, ಗುಂಯ್‌ಗುಡುವ ಒಂದು ಉಪಕರಣದ ಮೇಲೆ ಸೊಳ್ಳೆಗಳು ಮುತ್ತಿಕೊಂಡಿರುವುದನ್ನು ಕಂಡರು. ನೋಡಿದರೆ ಅವೆಲ್ಲವೂ ಗರಿಯಂತಹ ಮೀಸೆಯ ಗಂಡುಸೊಳ್ಳೆಗಳು. ಉಪಕರಣದ ಶ್ರುತಿಯು ಹೆಣ್ಣಿನ ರೆಕ್ಕೆಯ ಶ್ರುತಿಗೆ ಹೊಂದಿಕೊಂಡಿದ್ದುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು.

ಇಲ್ಲಿ ಒಂದು ಕಾಲಗಣನೆಯನ್ನು ನೆನಪಿಡಬೇಕು. ಮೇಯರ್‌ರವರ ಪ್ರಯೋಗ ನಡೆದು ಒಂಬತ್ತು ವರ್ಷಗಳ ಮೇಲೆ ರಾಸ್‌ರವರು ಬೆಂಗಳೂರಿನ ಪೀಪಾಯಿಯನ್ನು ಬಗ್ಗಿಸಿದರು. ಒಂದು ನಾದದ ದಾರಿ, ಇನ್ನೊಂದು ನೀರಿನ ದಾರಿ. ಎರಡಕ್ಕೂ ಸುಮಾರು ಒಂದೇ ವಯಸ್ಸು. ಆದರೆ ಮೊದಲನೆಯದು ಭೌತವಿಜ್ಞಾನದ ಕುತೂಹಲವಾಗಿ ಉಳಿಯಿತು, ಎರಡನೆಯದು ಲೋಕದ ಆರೋಗ್ಯಶಾಸ್ತ್ರದ ಅಂಗವಾಯಿತು. ಈ ಎರಡು ದಾರಿಗಳು ಒಂದನ್ನೊಂದು ಸಂಧಿಸಲು ೧೯೪೦ರ ದಶಕ ಬರಬೇಕಾಯಿತು.

೪

೧೯೪೫ರಲ್ಲಿ ಕಾಹ್ನ್, ಸೆಲೆಸ್ಟಿನ್, ಆಫೆನ್‌ಹೌಸರ್ ಎಂಬ ಮೂವರು ರೋಗವಾಹಕ ಸೊಳ್ಳೆಗಳ ಧ್ವನಿಯನ್ನು ಮುದ್ರಿಸಿಕೊಂಡುದಾಗಿ ಅಮೆರಿಕದಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಾಹ್ನ್ ಮತ್ತು ಆಫೆನ್‌ಹೌಸರ್‌ರವರು ಕ್ಯೂಬಾ ದೇಶದ ಬಯಲಿನಲ್ಲಿ ನಡೆಸಿದ ಪರೀಕ್ಷೆಯ ವರದಿಯನ್ನು ಹೊರಡಿಸಿದರು. ಹೆಣ್ಣುಸೊಳ್ಳೆಯ ಮುದ್ರಿತ ಧ್ವನಿಯನ್ನು ಧ್ವನಿವರ್ಧಕದಿಂದ ಹೊರಡಿಸಿ, ಅದರ ಮುಂದೆ ವಿದ್ಯುತ್ತು ಹರಿಯುವ ತಂತಿಯ ಜಾಲರಿಯನ್ನಿಟ್ಟು, ಬಂದ ಸೊಳ್ಳೆಗಳನ್ನು ಕೊಲ್ಲುವುದು ಅವರ ಉಪಾಯ. ಸೊಳ್ಳೆಗಳು ಬಂದುವು, ಸತ್ತುವು. ಈ ನಡುವೆ, ೧೯೪೮ರಲ್ಲಿ, ಲೂಯಿ ರಾತ್ ಎಂಬ ಕೀಟಶಾಸ್ತ್ರಜ್ಞರು ಈಡಿಸ್ ಈಜಿಪ್ಟೈ ಜಾತಿಯ ಗಂಡುಗಳು ಶ್ರುತಿಕವಲಿನ ನಾದವನ್ನೇ ಹೆಣ್ಣೆಂದು ಭ್ರಮಿಸಿ ಎರಗುವುದನ್ನೂ, ಕೋಶದಿಂದ ಹೊಸದಾಗಿ ಹೊರಬಂದ ಗಂಡುಗಳು ಮೀಸೆಯ ಕೂದಲು ಬಿಚ್ಚಿಕೊಳ್ಳುವ ತನಕ ಈ ನಾದಕ್ಕೆ ಓಗೊಡದಿರುವುದನ್ನೂ ವಿವರವಾಗಿ ತೋರಿಸಿದ್ದರು.

ಇಷ್ಟು ಸಿದ್ಧಿಸಿದರೂ ನಾದದ ಬಲೆಯು ಮಲೇರಿಯಾದ ಮೇಲೆ ಜಯಗಳಿಸಲಿಲ್ಲ. ಇದಕ್ಕೆ ಕಾರಣ ಸೊಳ್ಳೆಯ ಜೀವನಕ್ರಮದಲ್ಲಿಯೇ ಇದೆ. ನಾದಕ್ಕೆ ಮರುಳಾಗುವುದು ಗಂಡು. ಕಚ್ಚಿ ರೋಗವನ್ನು ಹರಡುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲುದಾದುದರಿಂದ, ಗಂಡುಗಳಲ್ಲಿ ಅರ್ಧದಷ್ಟನ್ನು ಕೊಂದರೂ ಉಳಿದ ಅರ್ಧವು ಸಂತತಿಯನ್ನು ಮುಂದುವರಿಸಲು ಸಾಕಾಗುತ್ತದೆ. ಇದಲ್ಲದೆ ನಾದವು ಸೊಳ್ಳೆಯ ಕಿವಿಗೆ ಮುಟ್ಟುವ ದೂರ ಬಹಳ ಕಿರಿದು. ಒಂದು ಕೆರೆಯ ಸುತ್ತಲಿನ ಸೊಳ್ಳೆಗಳನ್ನು ಕರೆಯಲು ಎಷ್ಟು ಧ್ವನಿವರ್ಧಕಗಳು ಬೇಕಾದಾವೆಂಬುದನ್ನು ಊಹಿಸಿದರೆ ಈ ಉಪಾಯದ ಮಿತಿ ತಿಳಿಯುತ್ತದೆ.

ಅದೇ ಕಾಲದಲ್ಲಿ ಕನ್ನಡನಾಡಿನಲ್ಲಿ ನಡೆದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು ಸಂಸ್ಥಾನವು ೧೯೨೦ರ ದಶಕದ ಕೊನೆಯಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಿತು. ಮರಿಹುಳುಗಳನ್ನು ತಿನ್ನುವ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ೧೯೨೮ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದಿತು. ಆ ಮೀನಿನಿಂದ ನಾಡಮೀನುಗಳಿಗೆ ಕೇಡಾಗುವುದೆಂಬುದು ಮುಂದೆ ತಿಳಿದ ವಿಷಯ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್‌ರವರ ನೇತೃತ್ವದಲ್ಲಿ ೧೯೪೬ರ ವೇಳೆಗೆ ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆದು ಜ್ವರವು ಇಳಿಯಿತು. ಕ್ಯೂಬಾದ ಬಯಲಿನಲ್ಲಿ ಸೊಳ್ಳೆಯನ್ನು ನಾದದಿಂದ ಕರೆದು ಕೊಲ್ಲುವ ಪ್ರಯತ್ನ ನಡೆಯುವ ಹೊತ್ತಿಗೆ ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಅದು ಕೂರುವ ಗೋಡೆಯೇ ಅದಕ್ಕೆ ಮೃತ್ಯುವಾಗಿತ್ತು.

ಭಾರತದಲ್ಲಿ ಸ್ವಾತಂತ್ರ್ಯದ ಸುಮಾರಿನಲ್ಲಿ ವರ್ಷಕ್ಕೆ ೭.೫ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವೂ ೧೯೫೮ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾಗಿ, ೧೯೬೦ರ ದಶಕದಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದ ಸುಮಾರಿಗೆ ಇಳಿಯಿತು. ಆದರೆ ಸೊಳ್ಳೆಯು ವಿಷಕ್ಕೆ ಒಗ್ಗಿತು, ಆಡಳಿತವೂ ಸಡಿಲವಾಯಿತು. ೧೯೭೬ರಲ್ಲಿ ಸಂಖ್ಯೆ ಮತ್ತೆ ೬೪ ಲಕ್ಷವನ್ನು ಮೀರಿತು. ವಿಷದ ಮೇಲಣ ನಂಬಿಕೆ ಹೀಗೆ ಕುಗ್ಗಿದ ಮೇಲೆ ವಿದ್ವಾಂಸರು ಬೇರೆ ದಾರಿಗಳನ್ನು ಅರಸತೊಡಗಿದರು. ಆಗ ನಾದದ ಹಳೆಯ ದಾರಿಗೂ ಮರಳಿ ಬೆಲೆ ಬಂದಿತು.

೫

ಈ ಎರಡನೆಯ ಹಂತದಲ್ಲಿ ಕಂಡುಬಂದ ಸಂಗತಿಗಳಲ್ಲಿ ಸಂಗೀತಜ್ಞರಿಗೂ ಆನಂದವಾಗತಕ್ಕ ಒಂದಿದೆ. ಸೊಳ್ಳೆಯ ಗುಂಯ್‌ಕಾರವು ಬಾಯಿಂದ ಹೊರಡುವುದಲ್ಲ, ರೆಕ್ಕೆಯ ಬಡಿತದಿಂದ ಹುಟ್ಟುವುದು. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಜಾತಿಯಲ್ಲಿ ಹೆಣ್ಣಿನ ರೆಕ್ಕೆ ಸೆಕೆಂಡಿಗೆ ಸುಮಾರು ೪೦೦ ಸಲವೂ ಗಂಡಿನ ರೆಕ್ಕೆ ಸುಮಾರು ೬೦೦ ಸಲವೂ ಬಡಿಯುತ್ತದೆ. ಎರಡಕ್ಕೆ ಮೂರು ಎಂಬ ಈ ಪ್ರಮಾಣವು ಷಡ್ಜಪಂಚಮಗಳ ಪ್ರಮಾಣವೇ ಆಗಿದೆ. ಪ್ರತಿಯೊಂದು ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳುಳ್ಳ ಮೇಲುಸ್ವರಗಳೂ ಹುಟ್ಟುತ್ತವೆ. ಹೆಣ್ಣಿನ ಮೂರನೆಯ ಸ್ವರವೂ ಗಂಡಿನ ಎರಡನೆಯ ಸ್ವರವೂ ೧೨೦೦ರ ಬಳಿಯಲ್ಲಿ ಒಂದಾಗುವಂತೆ ಜೋಡಿಯೆರಡೂ ತಮ್ಮ ರೆಕ್ಕೆಯ ಬಡಿತವನ್ನು ಸರಿಹೊಂದಿಸಿಕೊಳ್ಳುತ್ತವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೦೯ರಲ್ಲಿ ಪ್ರಕಟಿಸಿದರು. ಇದಕ್ಕೆ ಮೂರು ವರ್ಷ ಮೊದಲೇ ಗಿಬ್ಸನ್ ಮತ್ತು ರಸೆಲ್ ಎಂಬವರು ಬೇರೊಂದು ಜಾತಿಯ ಸೊಳ್ಳೆಯಲ್ಲಿ ಗಂಡುಹೆಣ್ಣುಗಳು ಹೀಗೆ ಶ್ರುತಿಗೂಡುವುದನ್ನು ತೋರಿಸಿದ್ದರು. ಆವರೆಗೆ ಹೆಣ್ಣುಸೊಳ್ಳೆ ಕಿವುಡೆಂದು ಅನೇಕರು ಎಣಿಸಿದ್ದರು. ಆ ಎಣಿಕೆ ಸುಳ್ಳಾಯಿತು.

ಜಾನ್‌ಸ್ಟನ್ನನ ಅಂಗದ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಜಯ ಸಾನೆಯವರೂ ಅವರ ಸಹೋದ್ಯೋಗಿಗಳೂ ಈ ಅಂಗವು ಪತಂಗಗಳ ಹಾರಾಟದ ಸಮತೋಲವನ್ನು ಕಾಯುವುದರಲ್ಲಿ ಭಾಗಿಯಾಗಿರುವುದನ್ನು ೨೦೦೭ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದ್ದಾರೆ. ಸೊಳ್ಳೆಗೆ ಕಿವಿಯಾದುದು ಪತಂಗಕ್ಕೆ ಚುಕ್ಕಾಣಿಯ ಸಹಾಯಕವಾಗಿದೆ ಎಂಬುದು ಇದರ ಫಲಿತಾರ್ಥ.

ಧ್ವನಿಯಿಂದ ಜಾತಿಯನ್ನು ಅರಿಯುವ ಕೆಲಸದಲ್ಲಿ ೨೦೧೭ನೆಯ ವರ್ಷ ಮುಖ್ಯವಾದುದು. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನು ಪ್ರಕಾಶ್‌ರವರ ತಂಡವು ಸಾಮಾನ್ಯ ಮೊಬೈಲ್ ಫೋನಿನಿಂದಲೇ ಸೊಳ್ಳೆಯ ರೆಕ್ಕೆಯ ಧ್ವನಿಯನ್ನು ಮುದ್ರಿಸಿ ಜಾತಿಯನ್ನು ಗುರುತಿಸಬಹುದೆಂದು ಸುಮಾರು ೨೦ ಜಾತಿಗಳ ಆಧಾರದಿಂದ ತೋರಿಸಿತು. ಮುದ್ರಣದೊಡನೆ ಕಾಲವೂ ಸ್ಥಳವೂ ತಾವಾಗಿ ದಾಖಲೆಯಾಗುವುದರಿಂದ, ಯಾವ ಬೀದಿಯಲ್ಲಿ ಯಾವ ಹೊತ್ತಿನಲ್ಲಿ ಯಾವ ಸೊಳ್ಳೆ ಇತ್ತೆಂಬ ನಕ್ಷೆಯನ್ನು ಬಹುಜನರ ನೆರವಿನಿಂದ ಬರೆಯಬಹುದು. ಕಣ್ಣಿನ ವಿಂಗಡಣೆಯಿಂದ ಕಿವಿಯ ವಿಂಗಡಣೆಗೆ ಬರಲು ಸುಶ್ರುತನ ಕಾಲದಿಂದ ಹಿಡಿದ ದಾರಿ ಇಷ್ಟು ಉದ್ದವಾದುದು.

ಹಾಗೆಂದು ಈ ವಿಧಾನವು ನಿರ್ದೋಷವಾದುದಲ್ಲ. ಒಂದು ಜಾತಿಯ ಶ್ರುತಿಯು ಇನ್ನೊಂದರ ಶ್ರುತಿಯೊಡನೆ ಕೆಲವೆಡೆ ಬೆರೆತುಕೊಳ್ಳುತ್ತದೆ. ಸೆಕೆ ಏರಿದರೆ ರೆಕ್ಕೆಯ ಬಡಿತವೂ ಏರುತ್ತದೆ; ದೇಹದ ಗಾತ್ರದಿಂದಲೂ ವ್ಯತ್ಯಾಸವುಂಟು. ಫೋನು ಸೊಳ್ಳೆಗೆ ಕೆಲವು ಅಂಗುಲಗಳಷ್ಟು ಹತ್ತಿರ ಹೋಗಬೇಕು. ಬೀದಿಯ ಗದ್ದಲ ಅಡ್ಡಬರಬಾರದು. ಆದುದರಿಂದ ಧ್ವನಿಯು ಕೊಡುವುದು ಸಾಕ್ಷ್ಯವೇ ಹೊರತು ತೀರ್ಪಲ್ಲ. ಸ್ಥಳ, ಕಾಲ, ಹಿಡಿದ ಸೊಳ್ಳೆಯ ಪರೀಕ್ಷೆ ಇವುಗಳೊಡನೆ ಸೇರಿದಾಗ ಆ ಸಾಕ್ಷ್ಯಕ್ಕೆ ಬೆಲೆ ಬರುತ್ತದೆ. ಶಾಸನವನ್ನು ಓದುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಸವೆದ ಅಕ್ಷರವೊಂದನ್ನು ಅದರ ರೂಪಮಾತ್ರದಿಂದ ನಿರ್ಣಯಿಸದೆ ಸಂದರ್ಭದಿಂದಲೂ ತೂಗುವುದು ಅವರ ವಾಡಿಕೆಯಷ್ಟೆ.

೬

ಅರಿಯುವ ಶಾಸ್ತ್ರವು ಹೀಗೆ ಮಿತವಾಗಿ ಬೆಳೆದುದಾದರೆ, ಅಡಗಿಸುವ ಉಪಾಯದ ಹೆಸರಿನಲ್ಲಿ ಮಾರುಕಟ್ಟೆಯು ಮಿತಿಯನ್ನು ಮೀರಿತು. ಮನುಷ್ಯನ ಕಿವಿಗೆ ನಿಲುಕದ ಕೀರಲು ನಾದವನ್ನು ಹೊರಡಿಸಿ ಸೊಳ್ಳೆಯನ್ನು ಓಡಿಸುವುದಾಗಿ ಹೇಳುವ ಪುಟ್ಟ ಯಂತ್ರಗಳು ಲೋಕವೆಲ್ಲ ಮಾರಾಟವಾದುವು. ಬಾವಲಿಯ ಕೂಗಿಗೆ ಸೊಳ್ಳೆ ಹೆದರುತ್ತದೆ, ಗಂಡಿನ ನಾದವನ್ನು ಕೇಳಿ ಬಸುರಿ ಹೆಣ್ಣು ದೂರ ಸರಿಯುತ್ತದೆ ಎಂಬವು ಇವುಗಳ ಪರವಾಗಿ ಹೇಳುವ ವಾದಗಳು. ಈ ಬಗೆಯ ಯಂತ್ರಗಳ ಮೇಲೆ ಬಯಲಿನಲ್ಲಿ ನಡೆದ ಹತ್ತು ಪರೀಕ್ಷೆಗಳನ್ನು ಒಟ್ಟಾಗಿ ವಿಮರ್ಶಿಸಿದ ಗ್ರಂಥವು ೨೦೦೭ರಲ್ಲಿ ಪ್ರಕಟವಾಯಿತು. ಯಂತ್ರವಿದ್ದಾಗಲೂ ಇಲ್ಲದಾಗಲೂ ಸೊಳ್ಳೆ ಕಚ್ಚುವುದರಲ್ಲಿ ಭೇದವಿಲ್ಲವೆಂಬುದೇ ಅದರ ನಿರ್ಣಯ. ರಾಸ್‌ರವರು ೧೮೯೯ರಿಂದ ಅಧ್ಯಾಪಕರಾಗಿದ್ದ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯ ವಿದ್ವಾಂಸರೂ ಈ ವಿಮರ್ಶೆಯಲ್ಲಿ ಸೇರಿದ್ದರು. ಯಂತ್ರವನ್ನು ನಂಬಿ ಪರದೆಯನ್ನು ತೆಗೆದಿಟ್ಟ ಮನೆಗೆ ಆಗುವ ನಷ್ಟ ಯಂತ್ರದ ಬೆಲೆಯಷ್ಟೇ ಅಲ್ಲ. ಅದು ಮಗುವಿನ ಜ್ವರವಾಗಿ ಬರಬಹುದು.

ದೊಮ್ಮಲೂರಿನ ಸುತ್ತಣ ನೆಲ ಈಗ ಬಹಳ ಬದಲಾಗಿದೆ. ನೆರೆಯ ಚಲ್ಲಘಟ್ಟದ ಕೆರೆಯಂಗಳವು ಗಾಲ್ಫ್ ಮೈದಾನವಾಗಿದೆ. ನಗರದ ನಡುವಿನ ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಎದ್ದಿದೆ. ಬೆಂಗಳೂರಿನ ಕೆರೆಗಳನ್ನು ಒಡೆದು ಒಣಗಿಸಲು ಮಲೇರಿಯಾದ ಭಯವೂ ಒಂದು ಕಾರಣವಾಗಿ ಒದಗಿತ್ತು. ಆದರೆ ಕೆರೆ ಹೋದಲ್ಲಿ ಸೊಳ್ಳೆ ಹೋಗಲಿಲ್ಲ. ನಗರದ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಬಾವಿಗಳಲ್ಲಿಯೂ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನಲ್ಲಿಯೂ ಬೆಳೆಯುತ್ತದೆ. ಡೆಂಗ್ಯೂವನ್ನು ಹರಡುವ ಈಡಿಸ್ ಈಜಿಪ್ಟೈಗೆ ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು, ಬಿಸಾಡಿದ ಟೈರು, ಎಳನೀರಿನ ಚಿಪ್ಪು ಇಷ್ಟೇ ಸಾಕು. ದೊಡ್ಡ ಕೆರೆಯ ಮೇಲೆ ಹೊರಿಸಿದ ಅಪರಾಧವು ಬ್ರಿಟಿಷರ ಬಂಗಲೆಯ ಪೀಪಾಯಿಗೆ ಸೇರಿದುದೆಂಬುದನ್ನು ೧೮೮೩ರಲ್ಲಿಯೇ ರಾಸ್‌ರವರು ಕಂಡಿದ್ದರು. ಈಡಿಸ್ ಹಗಲಿನಲ್ಲಿ ಕಚ್ಚುವ ಸೊಳ್ಳೆಯಾದುದರಿಂದ ವಾಹನಗಳ ಗದ್ದಲದಲ್ಲಿ ಅದರ ನಾದವೂ ಕೇಳಿಸದು. ರಾತ್ರಿಯ ನಿಶ್ಶಬ್ದದಲ್ಲಿ ಕಿವಿಯು ನೀಡುತ್ತಿದ್ದ ಎಚ್ಚರಿಕೆಯು ಇಲ್ಲಿ ಇಲ್ಲವಾಗುತ್ತದೆ.

೨೦೨೪ನೆಯ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಾಗಲಿ ಕಟ್ಟಡದಲ್ಲಾಗಲಿ ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನು ವಿಧಿಸಿತು. ನಿಂತ ನೀರನ್ನು ಚೆಲ್ಲಿಸಿರೆಂಬ ಸಲಹೆಯನ್ನು ಪ್ರಕೃತಿಯ ಕ್ರಮದ ಹೆಸರಿನಲ್ಲಿ ತಳ್ಳಿಹಾಕಿದ ಊರಿನಲ್ಲಿಯೇ ೧೪೧ ವರ್ಷಗಳ ಮೇಲೆ ಆ ಸಲಹೆಯು ಕಾನೂನಾಯಿತು.

ಈ ಇತಿಹಾಸದಿಂದ ನಾದದ ದಾರಿ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. ಹೊಸ ಜಾತಿಯ ಸೊಳ್ಳೆ ಊರಿಗೆ ಕಾಲಿಟ್ಟುದನ್ನು ಬೇಗನೆ ಅರಿಯಲು, ಔಷಧ ಸಿಂಪಡಿಸಿದ ಮೇಲೆ ಸೊಳ್ಳೆ ಕಡಮೆಯಾಯಿತೇ ಎಂದು ಅಳೆಯಲು, ನಾದದ ಬಲೆಯಿಂದ ಗಂಡುಗಳನ್ನು ಹಿಡಿದು ಎಣಿಸಲು ಅದು ಉಪಯುಕ್ತ. ಆಸ್ಟ್ರೇಲಿಯದ ಕೇರ್ನ್ಸ್ ನಗರದಲ್ಲಿ ಈಡಿಸ್ ಗಂಡುಗಳಿಗಾಗಿ ಇಂತಹ ಬಲೆಗಳನ್ನು ಪರೀಕ್ಷಿಸಿದ್ದಾರೆ. ಆದರೆ ಯಾವ ಬೀದಿಯಲ್ಲಿ ಸೊಳ್ಳೆಯಿದೆಯೆಂದು ಕಿವಿಯು ಹೇಳಿದ ಮೇಲೆ ಆ ಬೀದಿಗೆ ಹೋಗಿ ಟ್ಯಾಂಕಿಗೆ ಮುಚ್ಚಳ ಹಾಕುವ ಕೈಯೂ ಬೇಕು. ಮಶಕವೆಂದೂ ಗುಂಗಾಡೆಂದೂ ಹೆಸರಿಟ್ಟವರು ಅದರ ಧ್ವನಿಯನ್ನು ಚೆನ್ನಾಗಿ ಕೇಳಿದ್ದರು. ಅದರ ತೊಟ್ಟಿಲು ತಮ್ಮ ಅಂಗಳದ ನೀರಿನಲ್ಲಿಯೇ ತೂಗುತ್ತಿದ್ದುದನ್ನು ಅರಿಯಲು ಮಾತ್ರ ಲೋಕವು ಬಹುಕಾಲ ತಡಮಾಡಿತು.